ಪಂಚಮಿಯ ಹುಚ್ಚು ಪಂದ್ಯಗಳು



ಶ್ರಾವಣ ಶುದ್ಧ ಪಂಚಮಿಯ ದಿವಸ ಧಾರವಾಡ, ಗದಗ, ಬಾಗಲಕೋಟೆ, ಕೊಪ್ಪಳಗಳ ಕಡೆಯ ಹಳ್ಳಿಗಳಲ್ಲಿ ಸಂಚರಿಸುವ ಪರಸ್ಥಳದವನೊಬ್ಬನು, ಮಳೆಗೆ ನೆನೆದು ಕಪ್ಪೇರಿದ ಎರೆಹೊಲಗಳ ನಡುವಣ ದಾರಿಯಲ್ಲಿ ಮೀಸೆ ಬಲಿತ ಇಪ್ಪತ್ತು ಮೂವತ್ತು ಮಂದಿ ಗಂಡಸರು, ಹೆಗಲ ಮೇಲಿನ ವಲ್ಲಿಯನ್ನು ನಡುವಿಗೆ ಬಿಗಿದು, ಧೋತರದ ಕಚ್ಚೆಯನ್ನು ಮೊಳಕಾಲಿನ ಮೇಲಕ್ಕೇರಿಸಿ, ಹೋ ಎಂದು ಕೂಗುತ್ತ ಓಡುವುದನ್ನು ಕಂಡನೆಂದರೆ, ಊರಿಗೆ ಏನೋ ಆಪತ್ತು ಒದಗಿತೆಂದೇ ಭಾವಿಸಿಯಾನು. ಆಪತ್ತೇನೂ ಇಲ್ಲ. ಅವರೆಲ್ಲರೂ ಒಂದು ನಿಂಬೆಯ ಹಣ್ಣಿನ ಹಿಂದೆ ಓಡುತ್ತಿದ್ದಾರೆ. ಈ ಊರ ಅಗಸಿಯಿಂದ ಮುಂದಿನ ಊರ ಅಗಸಿಯವರೆಗೆ ಆ ಹಣ್ಣನ್ನು ಗೊತ್ತುಮಾಡಿದಷ್ಟೇ ಎಸೆತಗಳಲ್ಲಿ ಮುಟ್ಟಿಸುತ್ತೇನೆಂದು ಒಬ್ಬನು ಪಣತೊಟ್ಟಿದ್ದಾನೆ. ಆಗದೆಂದು ಇನ್ನೊಬ್ಬನು ಎದುರು ನಿಂತಿದ್ದಾನೆ. ಉಳಿದವರು ಎಸೆತಗಳನ್ನು ಎಣಿಸತಕ್ಕವರು, ಎಣಿಕೆ ತಪ್ಪಿತೆಂದು ಜಗಳ ತೆಗೆಯತಕ್ಕವರು, ಹಣ್ಣು ಜಾಲಿಯ ಕಂಟಿಯಲ್ಲಿ ಬಿದ್ದಾಗ ಮುಳ್ಳು ತರಚಿಸಿಕೊಂಡು ಹುಡುಕಿಕೊಡತಕ್ಕವರು, ಇಷ್ಟೂ ಹೊತ್ತು ನಗತಕ್ಕವರು.

ಊರೊಳಕ್ಕೆ ಕಾಲಿಟ್ಟರೆ ಇದಕ್ಕಿಂತ ವಿಚಿತ್ರವಾದ ನೋಟಗಳುಂಟು. ಒಬ್ಬನು ಕಣ್ಣಿಗೆ ವಸ್ತ್ರ ಕಟ್ಟಿಸಿಕೊಂಡು, ಹುಟ್ಟಿದಂದಿನಿಂದ ತಾನು ಓಡಾಡಿದ ಬೀದಿಯಲ್ಲವೆ ಎಂಬ ಧೈರ್ಯದಿಂದ ಹನುಮಪ್ಪನ ಗುಡಿಯ ಕಡೆಗೆ ಹೊರಟು, ಹತ್ತು ಹೆಜ್ಜೆಯೊಳಗೆ ದಿಕ್ಕುಗೆಟ್ಟು, ಕಂಬಾರನ ಕುಲುಮೆಯ ಗೋಡೆಯನ್ನು ಪರಮ ಭಕ್ತಿಯಿಂದ ತಬ್ಬಿಕೊಂಡಿರುತ್ತಾನೆ. ಇನ್ನೊಬ್ಬನು ತುಂಬಿದ ಕೊಡದ ಕಂಠವನ್ನು ಹಲ್ಲಿನಿಂದ ಕಚ್ಚಿ ಎತ್ತಲು ಹೋಗಿ ಮೈಯೆಲ್ಲ ನೀರಾಗಿರುತ್ತಾನೆ. ಜೋಳದ ಚೀಲ ಹೊತ್ತು ಗುಡಿಯನ್ನು ಸುತ್ತುವವನುಂಟು. ಒಂಟಿ ಕಾಲಿನಲ್ಲಿ ಕುಂಟುತ್ತ ಕೆರೆಯ ಏರಿಯನ್ನು ಮುಟ್ಟಿಬರುವವನುಂಟು. ಗರಡಿಯ ಗುಂಡುಕಲ್ಲನ್ನು ಎತ್ತಲಾರದೆ ಅದರ ಮೇಲೆಯೇ ಕುಳಿತು ಸುಧಾರಿಸಿಕೊಳ್ಳುವವನುಂಟು. ಹುಡುಗರು ಒಣಕೊಬ್ಬರಿಯ ಬಟ್ಟಲಿಗೆ ತೂತು ಕೊರೆದು, ದಾರ ಪೋಣಿಸಿ ಆಡಿಸುತ್ತ, ಆಟ ಮುಗಿಯುವ ಮೊದಲೇ ಬಟ್ಟಲಿನ ಅಂಚನ್ನು ಇಷ್ಟಿಷ್ಟೇ ಕಡಿದು ತಿನ್ನುತ್ತಿರುತ್ತಾರೆ. ಬೇವಿನ ಗಿಡದ ಬಲವಾದ ಟೊಂಗೆಗೆ ಹಗ್ಗ ಬಿಗಿದ ಜೋಕಾಲಿಯ ಮೇಲೆ ತವರಿಗೆ ಬಂದ ಹೆಣ್ಣುಮಕ್ಕಳು ಇಬ್ಬಿಬ್ಬರಾಗಿ ನಿಂತು ಜೀಕುತ್ತಿರುತ್ತಾರೆ. ಅಲ್ಲಿಯೂ, ಆಚೆಯ ಟೊಂಗೆಯ ಎಲೆಯನ್ನು ಯಾರ ಕಾಲು ಮೊದಲು ಮುಟ್ಟೀತೆಂಬ ಹುರುಡು ಇದ್ದೇ ಇದೆ.

ಇವುಗಳಿಂದ ಯಾರಿಗೂ ಏನೂ ಲಾಭವಿಲ್ಲ. ಗೆದ್ದವನಿಗೆ ಒಂದು ತೆಂಗಿನಕಾಯಿಯೋ ಎರಡು ಬಟ್ಟಲು ಕೊಬ್ಬರಿಯೋ ದೊರೆತೀತು. ಅದಕ್ಕಾಗಿ ಅವನು ವ್ಯಯಮಾಡಿದ ಶ್ರಮದಲ್ಲಿ ಅರ್ಧ ಎಕರೆಯ ಕಳೆ ತೆಗೆಯಬಹುದಾಗಿತ್ತು. ಆದರೆ ಕಳೆ ತೆಗೆಯುವ ದಿನ ಅದಲ್ಲ. ಮುಂಗಾರಿಯ ಬಿತ್ತನೆ ತೀರಿ, ಎಡೆ ಹೊಡೆದು, ಪೈರು ಮೊಳಕಾಲೆತ್ತರಕ್ಕೆ ಬಂದು, ಇನ್ನು ಮಳೆರಾಯನ ಚಿತ್ತವೆಂದು ರೈತನು ಕೈಕಟ್ಟಿ ಕುಳಿತಿರುವ ಕಾಲವದು. ಅದಲ್ಲದೆ ನಾಗಪ್ಪನು ನೆಲದೊಳಗಿನ ದೇವರಾದ್ದರಿಂದ ಆ ದಿವಸ ಭೂಮಿಯನ್ನು ಅಗೆಯುವುದಾಗಲಿ ಉಳುವುದಾಗಲಿ ಸಲ್ಲದೆಂಬ ವಿಧಿಯಿದೆ. ಅನೇಕ ಮನೆಗಳಲ್ಲಿ ಒಲೆಯ ಮೇಲೆ ಹಂಚು ಇಡುವುದೂ ನಿಷಿದ್ಧ. ಮಣ್ಣಿನ ಮಕ್ಕಳ ಕೈಯಿಂದ ಮಣ್ಣನ್ನೇ ಕಸಿದುಕೊಂಡ ಮೇಲೆ ಅವರು ಸುಮ್ಮನಿರುವುದಾದರೂ ಹೇಗೆ? ವರ್ಷವೆಲ್ಲ ಅಗತ್ಯಕ್ಕಾಗಿ ದುಡಿದ ರಟ್ಟೆಗಳು ಅಂದು ಅನಗತ್ಯಕ್ಕಾಗಿ ದುಡಿಯುತ್ತವೆ.

ಹಂಚು ಇಡಬಾರದೆಂಬ ಆ ನಿಷೇಧಕ್ಕೂ ನಮ್ಮ ಇಂದಿನ ವಿಷಯಕ್ಕೂ ಒಂದು ಸಂಬಂಧವುಂಟು. ಅಂದು ಹಂಚು ಇಡುವಂತಿಲ್ಲವಾದ್ದರಿಂದ ಪಂಚಮಿಗೆ ಮುಂಚಿನ ದಿನಗಳಲ್ಲಿಯೇ ರೊಟ್ಟಿಯ ಹಬ್ಬವೆಂಬುದೊಂದು ನಡೆಯುತ್ತದೆ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಹಾಳೆಯಂತೆ ತೆಳ್ಳಗೆ ಬಡಿದು ಕಟಿಕಟಿ ಒಣಗಿಸಿದ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಮಡಿಕೆ ಕಾಳಿನ ಪಲ್ಲೆ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಶೇಂಗಾ ಚಟ್ನಿ, ಕೆಂಪು ಖಾರ, ಕೆನೆಗಟ್ಟಿದ ಮೊಸರು: ಇವನ್ನು ಪ್ರತಿಯೊಂದು ಮನೆಯವರೂ ಬುಟ್ಟಿಯಲ್ಲಿಟ್ಟು, ಮೇಲೊಂದು ಬಿಳಿಯ ವಸ್ತ್ರ ಮುಚ್ಚಿ, ಓಣಿಯ ಉಳಿದ ಮನೆಗಳಿಗೆ ಕಳುಹಿಸುತ್ತಾರೆ. ಆ ಮನೆಯವರೂ ಅವನ್ನೇ ಮಾಡಿರುತ್ತಾರೆ. ಅವರೂ ಇವರಿಗೆ ಕಳುಹಿಸುತ್ತಾರೆ. ಅರ್ಥಶಾಸ್ತ್ರಜ್ಞನೊಬ್ಬನು ಲೆಕ್ಕಹಾಕಲು ಕುಳಿತರೆ ಹತ್ತು ರೊಟ್ಟಿ ಹೋಗಿ ಹತ್ತು ರೊಟ್ಟಿ ಬಂದಿತೆಂದೂ, ನಿವ್ವಳ ಲಾಭ ಶೂನ್ಯವೆಂದೂ ಬರೆದಾನು. ಆದರೆ ಸಂಜೆ ಊಟಕ್ಕೆ ಕುಳಿತಾಗ ತಟ್ಟೆಯಲ್ಲಿರುವುದು ತನ್ನ ಮನೆಯದೊಂದು, ಪತ್ತಾರರ ಮನೆಯದೊಂದು, ಹೂಗಾರರ ಮನೆಯದೊಂದು. ವರ್ಷವೆಲ್ಲ ನೀರಿನ ಸರದಿಗಾಗಿ ಜಗಳವಾಡಿದ ಎದುರುಮನೆಯ ದೊಡ್ಡವ್ವನ ರೊಟ್ಟಿಯೂ ಆ ರಾಶಿಯಲ್ಲಿ ಸೇರಿರುತ್ತದೆ. ಮರುದಿನ ನಾಗಪ್ಪನಿಗೆ ಹಾಲೆರೆಯುವಾಗಲೂ ಇದೇ ಉದಾರವಾದ ಅವ್ಯವಹಾರ: ಮಕ್ಕಳು ಅಜ್ಜನ ಪಾಲು, ಅಜ್ಜಿಯ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಹೆಸರು ಹೇಳುತ್ತ ಎರೆಯುತ್ತಾರೆ, ಬಂಧುಗಳ ಹೆಸರುಗಳು ಮುಗಿದ ಮೇಲೂ ಬಟ್ಟಲಿನಲ್ಲಿ ಹಾಲು ಉಳಿದಿದ್ದರೆ ಎತ್ತಿನ ಪಾಲು, ಎಮ್ಮೆಯ ಪಾಲು, ಮಾಸ್ತರರ ಪಾಲು ಎಂದು ಮುಂದುವರಿಯುತ್ತದೆ.

ರೊಟ್ಟಿ ಹಂಚುವ ಹಬ್ಬವೂ ನಿಂಬೆಯ ಹಣ್ಣು ಎಸೆಯುವ ಹಬ್ಬವೂ ಪರಸ್ಪರ ಅಂಟಿಕೊಂಡು ಬಂದಿರುವುದು ಆಕಸ್ಮಿಕವಲ್ಲವೆಂಬುದು ನನ್ನ ಎಣಿಕೆ. ಹುಚ್ಚಾಟಕ್ಕೂ ಔದಾರ್ಯಕ್ಕೂ ಒಂದು ಒಳದಾರಿಯಿದೆ.

ಮೊದಲು ಹುಚ್ಚಾಟದ ಮಾತು. ಮನುಷ್ಯನಿಗೆ ವಯಸ್ಸು ಬಂದಂತೆಲ್ಲ ಜಗತ್ತಿನ ಪದಾರ್ಥಗಳು ಒಂದೊಂದಾಗಿ ಅವನ ಕಣ್ಣಿನಿಂದ ಮರೆಯಾಗುತ್ತ ಹೋಗುತ್ತವೆ. ಪದಾರ್ಥಗಳು ಅಲ್ಲಿಯೇ ಇರುತ್ತವೆ. ಆದರೆ ಅವುಗಳ ಉಪಯೋಗವನ್ನು ಅರಿತ ಮೇಲೆ ಅವುಗಳನ್ನು ನೋಡುವ ಅವಶ್ಯಕತೆ ಅವನಿಗೆ ಕಾಣುವುದಿಲ್ಲ. ನಿಂಬೆಯ ಹಣ್ಣು ಉಪ್ಪಿನಕಾಯಿಗೆ, ದಾರಿ ಸಂತೆಗೆ ಹೋಗಲಿಕ್ಕೆ, ನೆರೆಯವನು ಸಾಲ ಕೇಳಲಿಕ್ಕೆ! ಇಂಥವನಿಗೆ, ಈ ಹಣ್ಣನ್ನು ಕೈಯಲ್ಲಿ ಹಿಡಿದೊಯ್ಯಬಾರದು, ಎಸೆದೇ ಮುಟ್ಟಿಸಬೇಕು ಎಂಬ ಒಂದು ಅರ್ಥಶೂನ್ಯವಾದ ನಿಯಮವನ್ನು ವಿಧಿಸಿ ನೋಡಿರಿ. ತತ್‌ಕ್ಷಣವೇ ಆ ಹಣ್ಣಿಗೆ ತೂಕ ಬರುತ್ತದೆ, ತೊಗಟೆಯ ದಪ್ಪ ಬರುತ್ತದೆ. ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆಯೆಂಬುದು ತಿಳಿಯಬೇಕಾಗುತ್ತದೆ. ಇಪ್ಪತ್ತು ವರ್ಷ ನಡೆದ ದಾರಿಯಲ್ಲಿ ಎಲ್ಲಿ ತಗ್ಗು, ಎಲ್ಲಿ ಹಳ್ಳ, ಯಾವ ಬನ್ನಿಯ ಗಿಡ ದಾರಿಯ ಮೇಲಕ್ಕೆ ಬಾಗಿದೆ ಎಂಬುದೆಲ್ಲ ಹೊಸದಾಗಿ ಗೋಚರವಾಗುತ್ತದೆ. ಡಚ್ ಇತಿಹಾಸಕಾರ ಯೋಹಾನ್ ಹಾಯ್ಸಿಂಗಾ ಎಂಬಾತನು 1938 ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಆಟವೆಂಬುದು ನಿತ್ಯಜೀವನದಿಂದ ಬೇರ್ಪಟ್ಟ ತನ್ನದೇ ದೇಶಕಾಲಗಳನ್ನೂ ತನ್ನದೇ ಕಟ್ಟಳೆಗಳನ್ನೂ ನಿರ್ಮಿಸಿಕೊಳ್ಳುತ್ತದೆಂದು ಪ್ರತಿಪಾದಿಸಿದನು. ಪ್ರತಿಪಾದನೆ ಸರಿಯೇ, ಆದರೆ ಆ ಬೇರ್ಪಟ್ಟ ದೇಶದಿಂದ ಹಿಂದಿರುಗಿ ಬಂದವನ ಕಣ್ಣಿನಲ್ಲಿ ನಿತ್ಯದ ದೇಶವೂ ಬದಲಾಗಿ ಕಾಣುತ್ತದೆಂಬುದನ್ನು ನಮ್ಮ ಪಂಚಮಿಯ ದಾರಿಯೇ ಹೇಳಬೇಕು.

ನಮ್ಮ ಭರತಮುನಿಯಾದರೋ ನಾಟ್ಯಶಾಸ್ತ್ರದಲ್ಲಿ ರಸಗಳ ವಂಶಾವಳಿಯನ್ನು ಹೇಳುವಾಗ, ಶೃಂಗಾರದಿಂದ ಹಾಸ್ಯವೂ, ರೌದ್ರದಿಂದ ಕರುಣವೂ, ವೀರದಿಂದ ಅದ್ಭುತವೂ, ಬೀಭತ್ಸದಿಂದ ಭಯಾನಕವೂ ಹುಟ್ಟುವುವೆಂದಿದ್ದಾನೆ. ವೀರನ ಅಸಾಧ್ಯ ಕಾರ್ಯವನ್ನು ಕಂಡವರಲ್ಲಿ ವಿಸ್ಮಯವುಂಟಾಗುವುದು ಸಹಜವಷ್ಟೆ. ಪಂಚಮಿಯ ವೀರನ ಕೈಯಲ್ಲಿರುವ ಆಯುಧ ನಿಂಬೆಯ ಹಣ್ಣು, ಅವನ ಶತ್ರು ತುಂಬಿದ ಕೊಡ. ಅವನ ವೀರ್ಯದ ಕಾಲುಭಾಗ ಅದ್ಭುತಕ್ಕೂ ಮುಕ್ಕಾಲು ಭಾಗ ಹಾಸ್ಯಕ್ಕೂ ಸಲ್ಲುತ್ತದೆ. ಹೀಗೆ ಎರಡು ಮನೆತನದ ರಸಗಳನ್ನು ಒಂದೇ ಪಂಕ್ತಿಗೆ ಕೂರಿಸಿದ್ದಕ್ಕೆ ಮುನಿಯು ನನ್ನನ್ನು ಕ್ಷಮಿಸಬೇಕು. ನಗು ಬೆರೆತ ವಿಸ್ಮಯಕ್ಕೆ ಒಂದು ವಿಶೇಷ ಗುಣವಿದೆ: ಅದು ಕಂಡವನನ್ನು ಕುಗ್ಗಿಸುವುದಿಲ್ಲ. ಹಿಮಾಲಯವನ್ನು ನೋಡಿ ನಾನು ಎಷ್ಟು ಅಲ್ಪನೆನ್ನಿಸಬಹುದು. ನಿಂಬೆಯ ಹಣ್ಣು ಹಳ್ಳ ದಾಟಿದ್ದನ್ನು ನೋಡಿದಾಗ ಅಂಥ ವೈರಾಗ್ಯವೇನೂ ಬಾಧಿಸದು.

ಕಲಿಸುವವರು ಈ ಗುಟ್ಟನ್ನು ಅರಿಯದವರಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ಎಂಬ ಗ್ರಂಥವನ್ನು ತಮ್ಮಲ್ಲಿ ಅನೇಕರು ಓದಿರಬಹುದು. ಅದಕ್ಕೆ 1978 ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವೂ ದೊರೆಯಿತು. ವಿದ್ಯಾರ್ಥಿಗಳ ತಂಡವೊಂದನ್ನು ಕಟ್ಟಿಕೊಂಡು ಕಾಡುಮೇಡುಗಳನ್ನು ಅಲೆದ ವೃತ್ತಾಂತವದು. ಗಿಡದ ಹೆಸರು, ಕುಲ, ಹೂವಿನ ರಚನೆ ಎಲ್ಲವೂ ಅದರಲ್ಲಿವೆ. ಆದರೆ ಅವೆಲ್ಲ ಹುಡುಗರ ಚೇಷ್ಟೆ, ಗುರುವಿನ ಮರುಚೇಷ್ಟೆ, ಪರಸ್ಪರ ಕಾಲೆಳೆತಗಳ ಮಧ್ಯದಿಂದ ಹಾಯ್ದು ಬರುತ್ತವೆ. ನಕ್ಕು ನಕ್ಕು ಸಡಿಲಾದ ಮನಸ್ಸಿಗೆ ಗಿಡವು ಗಿಡವಾಗಿ ಕಾಣಿಸುತ್ತದೆ. ಪರೀಕ್ಷೆಗೆ ಹೆದರಿ ಬಿಗಿದುಕೊಂಡ ಮನಸ್ಸಿಗೆ ಅದು ಎಷ್ಟು ಅಂಕದ ಪ್ರಶ್ನೆಯೆಂದಷ್ಟೇ ಕಾಣಿಸುತ್ತದೆ.

ಇನ್ನು ದಯೆಯ ಮಾತು. ದಯೆಯೆಂದರೆ ಕೊಡುವುದೆಂದು ನಾವೆಲ್ಲ ತಿಳಿದುಕೊಂಡಿದ್ದೇವೆ, ಮತ್ತು ಕೊಡುವ ವಿಷಯದಲ್ಲಿ ನಮ್ಮ ದೇಶದಲ್ಲಿ ಉಪದೇಶಕ್ಕೆ ಎಂದೂ ಕೊರತೆಯಾಗಿಲ್ಲ. ಆದರೆ ಕೇಳುವುದು ಎಂಬುದೊಂದಿದೆ. ಅದನ್ನು ಯಾರೂ ಕಲಿಸುವುದಿಲ್ಲ. ತಕ್ಕಮಟ್ಟಿಗೆ ಬದುಕು ಸಾಗುತ್ತಿರುವ ಗೃಹಸ್ಥನು ಮತ್ತೊಬ್ಬನ ಬಾಗಿಲಿಗೆ ಹೋಗಿ, ನನ್ನಿಂದ ಇದು ಆಗುತ್ತಿಲ್ಲ, ಸ್ವಲ್ಪ ಕೈಹಚ್ಚಿರಿ ಎಂದು ಕೇಳುವುದಕ್ಕಿಂತ ಒಂದು ಹೊತ್ತು ಉಪವಾಸವಿರುವುದೇ ಮೇಲೆಂದು ತಿಳಿಯುತ್ತಾನೆ. ಕೇಳದವನಿಗೆ ಕೊಡುವುದು ಕಷ್ಟ; ಅವನ ಕೊರತೆ ಏನೆಂಬುದೇ ನೆರೆಯವನಿಗೆ ತಿಳಿಯದು. ಹುಚ್ಚು ಪಂದ್ಯಗಳು ಈ ಗಂಟನ್ನು ಬಹು ಸುಲಭವಾಗಿ ಬಿಚ್ಚುತ್ತವೆ. ಊರ ಗೌಡರು ಪಂದ್ಯಕ್ಕೆ ಬಿದ್ದು ಎಸೆದ ಹಣ್ಣು ಕಂಟಿಯೊಳಗೆ ಮಾಯವಾದಾಗ, ತಮ್ಮ ಹೊಲದಲ್ಲಿ ಕೂಲಿಗೆ ಬರುವ ಹುಡುಗನ ಮುಖವನ್ನು ಅವರು ನೋಡಲೇಬೇಕು. "ಎಲ್ಲಿ ಬಿತ್ತೋ ತಮ್ಮಾ, ನೀ ಏನರ ಕಂಡ್ಯಾ?" ಎಂದು ಕೇಳಲೇಬೇಕು. "ಇಲ್ಲೈತಿ ಬರ್ರೀ ಗೌಡ್ರ, ಕಾಲಾಗ ಮುಳ್ಳು ಅದಾವ, ಹುಷಾರ್ರಿ" ಎಂದು ಅವನು ಕೈಹಿಡಿದು ಕರೆದೊಯ್ದಾನು. ಇಷ್ಟರಿಂದ ಜಾತಿಯೂ ಜಮೀನೂ ಕರಗಿಹೋಗುತ್ತವೆಂದು ಹೇಳುವಷ್ಟು ಮುಗ್ಧನು ನಾನಲ್ಲ. ಮರುದಿವಸದ ಕೂಲಿಯ ದರ ಹಿಂದಿನದೇ ಆಗಿರುತ್ತದೆ. ಆದರೂ ಗೌಡರು ಮುಳ್ಳುಕಂಟಿಯಲ್ಲಿ ಬಗ್ಗಿ ಹುಡುಕಿದ್ದನ್ನು ಊರು ಕಂಡಿದೆ. ಮುಂದೆ ಆ ಹುಡುಗನ ತಾಯಿಗೆ ಜ್ವರ ಬಂದ ರಾತ್ರಿ ಗಾಡಿ ಕೇಳಲು ಗೌಡರ ಬಾಗಿಲಿಗೆ ಹೋಗುವಾಗ ಅವನ ಕಾಲು ಹಿಂದಿನಷ್ಟು ನಡುಗಲಾರದು.

ಫಾಲ್ಗುಣದ ಹುಣ್ಣಿಮೆಯಲ್ಲಿ ನಡೆಯುವ ಕಾಮಣ್ಣನ ಹಬ್ಬದಲ್ಲಿ ಈ ಕೇಳುವ ವಿದ್ಯೆಯು ಕಳ್ಳತನದ ರೂಪವನ್ನೇ ತಾಳುತ್ತದೆ. ಹಲಗೆ ಬಡಿಯುತ್ತ, ಬಾಯಿ ಬಡಿದುಕೊಳ್ಳುತ್ತ, ಕಿವಿ ಮುಚ್ಚಿಕೊಳ್ಳತಕ್ಕ ಪ್ರಾಸಗಳನ್ನು ಕೂಗುತ್ತ ಓಣಿಯ ಹುಡುಗರ ಸೈನ್ಯವು ಕಾಮಣ್ಣನನ್ನು ಸುಡಲು ಕಟ್ಟಿಗೆ ಕುಳ್ಳುಗಳನ್ನು ಕದಿಯಲು ಹೊರಡುತ್ತದೆ. ಕದಿಯುವವರು ಬರುತ್ತಾರೆಂದು ಮನೆಯವರಿಗೆ ಗೊತ್ತು. ಮನೆಯವರಿಗೆ ಗೊತ್ತೆಂದು ಕಳ್ಳರಿಗೂ ಗೊತ್ತು. ಹಿತ್ತಿಲಿನಲ್ಲಿ ನಾಲ್ಕು ಹಳೆಯ ಕೊರಡುಗಳನ್ನು ಕೈಗೆ ನಿಲುಕುವಂತೆ ಇಟ್ಟು, ಕೋಲು ಹಿಡಿದು ಕಾವಲು ಕುಳಿತಂತೆ ನಟಿಸಿ, ಸರಿಯಾದ ಸಮಯಕ್ಕೆ ನಿದ್ದೆ ಹೋದಂತೆ ನಟಿಸುವ ಅಜ್ಜಂದಿರ ಕಲೆಯನ್ನು ಯಾವ ನಾಟಕ ಕಂಪನಿಯೂ ಕಲಿಸಲಾರದು. ಮಲೆನಾಡಿನ ದೀಪಾವಳಿಯ ರಾತ್ರಿಯಲ್ಲಿ ನಡೆಯುವ ಬೂರೆ ಕಳವು ಎಂಬ ಹಬ್ಬದ ಕಳ್ಳತನವೂ ಇದರ ದಾಯಾದಿಯೇ. ಬಾಗಿಲು, ಬಂಡಿಯ ನೊಗ, ಹೊಸದಾಗಿ ಮಾಡಿಸಿದ ಮಂಚ ಇವುಗಳನ್ನು ಹೊತ್ತು ಕಾಮಣ್ಣನ ಬೆಂಕಿಗೆ ಹಾಕಿದ ಪ್ರಸಂಗಗಳೂ ಇರುವುದರಿಂದ ಈ ಹಬ್ಬದ ಕಳವನ್ನು ನಾನು ನಿರಪವಾದವಾಗಿ ಹೊಗಳಲಾರೆ. ಆಟಕ್ಕೆ ಒಪ್ಪಿಗೆಯೇ ಗಡಿ. ಅದನ್ನು ದಾಟಿದ ಕ್ಷಣದಲ್ಲಿ ಕಳ್ಳತನವು ಕೇವಲ ಕಳ್ಳತನವಾಗಿಬಿಡುತ್ತದೆ.

ಸಮುದ್ರದಾಚೆಯ ಜನರಿಗೆ ಇಂಥ ಹಬ್ಬಗಳು ತಪ್ಪಿಹೋದಾಗ ಅವರು ಅವನ್ನು ಹೊಸದಾಗಿ ಕಲ್ಪಿಸಿಕೊಳ್ಳಬೇಕಾಯಿತು. ಅಮೆರಿಕದ ದೂರದರ್ಶನ ಧಾರಾವಾಹಿಯೊಂದರಲ್ಲಿ ದೇವದೂತನ ಪಾತ್ರವನ್ನು ವಹಿಸಿ ಪ್ರಖ್ಯಾತನಾದ ಮಿಶಾ ಕಾಲಿನ್ಸ್ ಎಂಬ ನಟನು 2011 ರಲ್ಲಿ 'ಗಿಶ್‌ವೆಸ್' ಎಂಬ ವಿಲಕ್ಷಣ ಹೆಸರಿನ ಒಂದು ಪಂದ್ಯವನ್ನು ಆರಂಭಿಸಿದನು. ಜಗತ್ತು ಈವರೆಗೆ ಕಂಡ ಅತಿ ದೊಡ್ಡ ಅಂತಾರಾಷ್ಟ್ರೀಯ ಹುಡುಕಾಟವೆಂಬ ಬಡಾಯಿಯ ವಾಕ್ಯವನ್ನೇ ಕತ್ತರಿಸಿ ಮಾಡಿದ ಹೆಸರದು. ಹದಿನೈದು ಹದಿನೈದು ಜನರ ತಂಡಗಳು; ಅನೇಕ ವೇಳೆ ಒಂದೇ ತಂಡದವರು ಬೇರೆ ಬೇರೆ ದೇಶಗಳಲ್ಲಿದ್ದು ಪರಸ್ಪರ ಮುಖವನ್ನೇ ಕಂಡಿರುತ್ತಿರಲಿಲ್ಲ. ಒಂದು ವಾರದ ಅವಧಿಯೊಳಗೆ ಒಂದು ಉದ್ದನೆಯ ಪಟ್ಟಿಯಲ್ಲಿನ ಕಾರ್ಯಗಳನ್ನು ನೆರವೇರಿಸಿ ಚಿತ್ರ ತೆಗೆದು ಕಳುಹಿಸತಕ್ಕದ್ದು. ಆನೆಯ ತಲೆಗೆ ಅಷ್ಟಪದಿಯ ಕಾಲುಗಳನ್ನು ಜೋಡಿಸಿದ ಒಂದು ಪ್ರಾಣಿಯೇ ಅದರ ಲಾಂಛನವಾಗಿದ್ದಮೇಲೆ ಪಟ್ಟಿಯ ಸ್ವರೂಪವನ್ನು ತಾವೇ ಊಹಿಸಬಹುದು: ತಿನ್ನುವ ಪದಾರ್ಥಗಳಿಂದ ಭಾವಚಿತ್ರ, ಅಸಂಭಾವ್ಯ ವೇಷದಲ್ಲಿ ಅಸಂಭಾವ್ಯ ಸ್ಥಳದಲ್ಲಿ ದಿನನಿತ್ಯದ ಕೆಲಸ, ಇತ್ಯಾದಿ. ಆದರೆ ಈ ಹುಚ್ಚಿನ ಸಾಲುಗಳ ನಡುವೆಯೇ, ಯಾವ ವಿಶೇಷ ಶೀರ್ಷಿಕೆಯೂ ಇಲ್ಲದೆ, ವೃದ್ಧರ ಬಳಿಗೆ ಹೋಗಿ ಕುಳಿತುಕೊಳ್ಳುವುದು, ಒಂಟಿಯಾಗಿರುವ ಅಪರಿಚಿತನೊಬ್ಬನಿಗೆ ಸಂತೋಷವಾಗುವಂಥದನ್ನು ಮಾಡುವುದು ಮುಂತಾದ ಕಾರ್ಯಗಳೂ ಇರುತ್ತಿದ್ದುವು. ನಿರಾಶ್ರಿತರಾದ ಸಿರಿಯಾದ ಕುಟುಂಬಗಳಿಗಾಗಿ ಈ ಆಟಗಾರರೇ ಹಣವನ್ನು ಕೂಡಿಸಿದ್ದೂ ಉಂಟು. ಮೈಗೆಲ್ಲ ಎಲೆ ಸುತ್ತಿಕೊಂಡು ಬೀದಿಯಲ್ಲಿ ನಿಂತು ನಗಿಸಿಕೊಂಡವನಿಗೆ ಅಪರಿಚಿತನನ್ನು ಮಾತನಾಡಿಸುವುದು ಆಮೇಲೆ ದೊಡ್ಡ ಸಾಹಸವೆನ್ನಿಸುವುದಿಲ್ಲ.

ಅಲ್ಲಿಯೂ ಗಡಿ ದಾಟಿದ್ದುಂಟು. 2014 ರ ಪಟ್ಟಿಯಲ್ಲಿ, ಗ್ರಂಥ ಪ್ರಕಟಿಸಿದ ವಿಜ್ಞಾನಕಥೆಗಾರರಿಂದ ಒಂದು ಪುಟ್ಟ ಕಥೆಯನ್ನು ಬರೆಸಿಕೊಂಡು ಬರಬೇಕೆಂದಿತ್ತು. ಪರಿಣಾಮವಾಗಿ ಬರಹಗಾರರ ಮೇಲೆ ಕೋರಿಕೆಗಳ ದಂಡು ಕವಿದು, ಅವರಲ್ಲಿ ಹಲವರು ಬಹಿರಂಗವಾಗಿಯೇ ಬೇಸರಗೊಂಡರು. ನನ್ನ ಸಹಾನುಭೂತಿ ಸಂಪೂರ್ಣವಾಗಿ ಆ ಬರಹಗಾರರ ಕಡೆಗಿದೆ. ಅದು ಸ್ವಜಾತಿಪ್ರೇಮವೆಂದು ತಾವು ತಿಳಿದರೆ ಅಡ್ಡಿಯಿಲ್ಲ. ಕೊರಡನ್ನು ಕೈಗೆ ನಿಲುಕುವಂತೆ ಇಡುವ ಅಜ್ಜನು ಆಟದೊಳಗಿನವನು. ಊರಿನ ಅಷ್ಟೂ ಹುಡುಗರು ಒಬ್ಬನದೇ ಹಿತ್ತಿಲಿಗೆ ನುಗ್ಗಿದರೆ, ಅದರಲ್ಲಿಯೂ ಅವನಿಗೆ ಹಬ್ಬವೆಂಬುದೇ ತಿಳಿಯದಿದ್ದರೆ, ಅವನು ನಿದ್ದೆಯನ್ನು ನಟಿಸುವುದೆಂತು?

ನಗೆಪಾಟಲಿಗೆ ಒಪ್ಪಿಕೊಂಡ ಮೈಯೊಂದು ದಯೆಗೆ ಎಷ್ಟರಮಟ್ಟಿಗೆ ವಾಹನವಾಗಬಲ್ಲದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ದೊಡ್ಡ ನಿದರ್ಶನವುಂಟು. ಉಡುಪಿಯ ಕೃಷ್ಣಾಷ್ಟಮಿಯಲ್ಲಿ, ವಿಟ್ಲಪಿಂಡಿಯ ಮೊಸರುಕುಡಿಕೆಗಳನ್ನು ಗೊಲ್ಲರ ವೇಷದವರು ಒಡೆಯುವ ಆ ಗದ್ದಲದಲ್ಲಿ, ಹುಲಿವೇಷದವರ ಜೊತೆಗೆ ನಾನಾ ಬಗೆಯ ವೇಷಧಾರಿಗಳು ಬೀದಿಬೀದಿ ಸುತ್ತಿ ಕಾಸು ಎತ್ತುವುದು ಹಳೆಯ ವಾಡಿಕೆ. ಕಟಪಾಡಿಯ ರವಿ ಎಂಬುವರು ಕಟ್ಟಡದ ಕೆಲಸ ಮಾಡಿ ಬಾಳುವ ಶ್ರಮಿಕರು. ಅವರು ತಮ್ಮ ಗೆಳೆಯರ ತಂಡದೊಡನೆ, ಪಾಶ್ಚಾತ್ಯ ಚಲನಚಿತ್ರಗಳಲ್ಲಿ ಕಾಣುವ ಕೊಂಬು ಕೋರೆಗಳ ವಿಕಾರ ಪ್ರಾಣಿಗಳ ವೇಷವನ್ನು ಧರಿಸಿ, ಬಣ್ಣವನ್ನೂ ಕವಚವನ್ನೂ ಹೊತ್ತು ಅಷ್ಟಮಿಯ ಬೀದಿಗಳಲ್ಲಿ ಸುತ್ತಿ, ಬಂದ ಹಣವನ್ನೆಲ್ಲ ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಕೊಡುತ್ತ ಬಂದಿದ್ದಾರೆ. ವರ್ಷವರ್ಷವೂ ಲಕ್ಷಾಂತರ ರೂಪಾಯಿಗಳು ಹೀಗೆ ಬಡ ತಂದೆತಾಯಿಗಳ ಕೈ ಸೇರಿವೆ. ಅದೇ ರವಿಯವರು ಅದೇ ಬೀದಿಯಲ್ಲಿ ಇಸ್ತ್ರಿಯ ಅಂಗಿ ತೊಟ್ಟು, ರಸೀತಿಯ ಪುಸ್ತಕ ಹಿಡಿದು ಬಂದಿದ್ದರೆ ಎಷ್ಟು ಜನ ನಿಲ್ಲುತ್ತಿದ್ದರು? ಎಂಟು ವರ್ಷದ ಮಗುವಿನ ಹೃದಯದಲ್ಲಿ ರಂಧ್ರವಿದೆಯೆಂಬ ವಾರ್ತೆಗೆ ನಾವು ಮುಖ ತಿರುಗಿಸಿಕೊಂಡು ಹೋಗಬಲ್ಲೆವು, ಅದು ನಮ್ಮನ್ನು ಅಷ್ಟು ಹೆದರಿಸುತ್ತದೆ. ಕೊಂಬುಳ್ಳ ರಾಕ್ಷಸನೊಬ್ಬನು ಎದುರಿಗೆ ನಿಂತು ಡಬ್ಬಿ ಅಲ್ಲಾಡಿಸಿದರೆ ಮೊದಲು ಬೆಚ್ಚುತ್ತೇವೆ, ಆಮೇಲೆ ನಗುತ್ತೇವೆ, ನಗುವಾಗ ಕೈ ತಾನಾಗಿ ಕಿಸೆಗೆ ಹೋಗುತ್ತದೆ. ಕೇಳಬಾರದೆಂಬ ಬಿಗುಮಾನವೂ ಕೊಡಬಾರದೆಂಬ ಬಿಗುಮಾನವೂ ಆ ಬಣ್ಣದ ಮುಂದೆ ಏಕಕಾಲಕ್ಕೆ ಸೋತುಹೋಗುತ್ತವೆ.

ಪಂದ್ಯಗಳಿಗೆ ತಗಲಿರುವ ರೋಗಗಳನ್ನೂ ಹೇಳದೆ ಬಿಟ್ಟರೆ ವಕೀಲಿಯಾದೀತೇ ಹೊರತು ವಿಚಾರವಾಗದು. ಕೊಬ್ಬರಿಯ ಬಟ್ಟಲು ಇದ್ದ ಕಡೆ ನೋಟಿನ ಕಟ್ಟು ಬಂದಿದೆ. ಪಂಚಮಿಯ ನೆಪದಲ್ಲಿ ನಡೆಯುವ ಜೂಜಿನಲ್ಲಿ ಎತ್ತು ಮಾರಿಕೊಂಡವರಿದ್ದಾರೆ. ಸಾವಿರಗಟ್ಟಲೆ ರೂಪಾಯಿ ಕಟ್ಟಿದ ಮೇಲೆ ಸೋತವನು ನಗಲಾರನು. ಗೆದ್ದವನು ನಕ್ಕರೆ ಅದು ನಗೆಯಲ್ಲ. ಎಷ್ಟು ಮಿರ್ಚಿ ಭಜಿ ತಿನ್ನುತ್ತೀ, ಎಷ್ಟು ಬಾಟಲಿ ಕುಡಿಯುತ್ತೀ ಎಂಬ ಪಂದ್ಯಗಳು ಹಾಸ್ಯದ ಮನೆಯನ್ನು ಬಿಟ್ಟು ಬೀಭತ್ಸದ ಮನೆಗೆ ಹೋಗಿ ಭಯಾನಕದಲ್ಲಿ ಕೊನೆಗೊಳ್ಳುವುದನ್ನು ಆಸ್ಪತ್ರೆಯವರು ಬಲ್ಲರು. ಊರಿನ ಅರೆಬುದ್ಧಿಯವನನ್ನು ನಡುವೆ ನಿಲ್ಲಿಸಿ, ಅವನಿಗೆ ಒಪ್ಪಿಗೆಯುಂಟೋ ಇಲ್ಲವೋ ವಿಚಾರಿಸದೆ, ಅವನಿಂದ ಹುಚ್ಚಾಟವನ್ನಾಡಿಸಿ ತಾವು ಮಾತ್ರ ಮಾನವಂತರಾಗಿ ಕಟ್ಟೆಯ ಮೇಲೆ ಕುಳಿತಿರುವವರನ್ನೂ ನಾನು ಕಂಡಿದ್ದೇನೆ. ಅದು ಆಟವಲ್ಲ, ಕ್ರೌರ್ಯ. ನಗುವವನು ತನ್ನ ಸರದಿಯಲ್ಲಿ ನಗಿಸಿಕೊಳ್ಳತಕ್ಕವನೂ ಆಗಿರಬೇಕು. ಈಚೆಗಂತೂ ಪ್ರತಿಯೊಬ್ಬನ ಕೈಯಲ್ಲಿಯೂ ಮೊಬೈಲು ಬಂದು, ಕುಲುಮೆಯ ಗೋಡೆ ತಬ್ಬಿದವನ ಭಕ್ತಿಯು ಅದೇ ಸಂಜೆ ನಾಲ್ಕು ಜಿಲ್ಲೆಗಳಿಗೆ ಪ್ರಸಾರವಾಗುತ್ತದೆ. ಅವನನ್ನು ಬಲ್ಲ ನೂರು ಜನ ನಕ್ಕರೆ ಅವನೂ ನಕ್ಕಾನು. ಅವನನ್ನು ಅರಿಯದ ಲಕ್ಷ ಜನ ನಕ್ಕರೆ ಅವನು ಬರುವ ವರ್ಷ ಕಣ್ಣು ಕಟ್ಟಿಸಿಕೊಳ್ಳಲಾರನು.

ಪಟ್ಟಣಗಳಲ್ಲಿ ವಾಸಿಸುವ ಶ್ರೋತೃಗಳು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು: ನಮಗೆ ಅಗಸಿ ಎಲ್ಲಿ, ಎರೆಯ ದಾರಿ ಎಲ್ಲಿ, ಎಂದು. ತುಳುನಾಡಿನವರು ಆಟಿಯ ತಿಂಗಳಲ್ಲಿ ಗದ್ದೆಯ ಕೆಸರಿಗೆ ಇಳಿದು, ಮೊಮ್ಮಕ್ಕಳಿಂದ ಅಜ್ಜಂದಿರವರೆಗೆ ಹಗ್ಗ ಎಳೆದು, ಓಡಿ, ಬಿದ್ದು, ಗುರುತು ಸಿಗದಂತಾಗುವ ಕೂಟವನ್ನು 'ಕೆಸರ್ಡ್ ಒಂಜಿ ದಿನ' ಎಂದು ನಡೆಸುತ್ತಿದ್ದಾರಲ್ಲ, ಅದು ಹಳೆಯ ಶಾಸ್ತ್ರವಲ್ಲ. ಗದ್ದೆಯಿಂದ ದೂರವಾದವರೇ ಈಚೆಗೆ ಕಟ್ಟಿಕೊಂಡ ಹಬ್ಬ. ಅಂತೆಯೇ ಹತ್ತು ಅಂತಸ್ತಿನ ಕಟ್ಟಡದಲ್ಲಿ ಇರುವವರಿಗೂ ದಾರಿಯಿಲ್ಲದಿಲ್ಲ. ಮೇಲಿನ ಮಹಡಿಯಿಂದ ಕೆಳಗಿನ ಬಾಗಿಲಿನವರೆಗೆ ಒಂದು ನಿಂಬೆಯ ಹಣ್ಣನ್ನು ಚಮಚೆಯಲ್ಲಿಟ್ಟು ಇಳಿಸತಕ್ಕದ್ದು; ಲಿಫ್ಟನ್ನು ಉಪಯೋಗಿಸತಕ್ಕದ್ದಲ್ಲ; ಪ್ರತಿಯೊಂದು ಮಹಡಿಯಲ್ಲಿಯೂ ಈವರೆಗೆ ಮಾತನಾಡಿಸದ ಒಂದು ಮನೆಯ ಗಂಟೆ ಒತ್ತಿ, ಆ ಮನೆಯವರಿಂದಲೇ ಚಮಚೆಯನ್ನು ಬದಲಾಯಿಸಿಕೊಳ್ಳತಕ್ಕದ್ದು. ಕೊನೆಗೆ ಆ ಹಣ್ಣಿನಿಂದ ಪಾನಕ ಮಾಡುವ ಭಾರ ಯಾರ ಮನೆಯ ಚಮಚೆಯಲ್ಲಿ ಅದು ಕೆಳಗೆ ಬಂದಿತೋ ಅವರದು. ಮಹಡಿ ಇಳಿಯಲಾರದ ವೃದ್ಧರಿದ್ದ ಮನೆಗೆ ಪಾನಕವನ್ನು ಮೇಲಕ್ಕೆ ಒಯ್ಯುವುದನ್ನು ಎರಡನೆಯ ಪಂದ್ಯವಾಗಿ ಇಡಬಹುದು. ಅದರಲ್ಲಿ ಚೆಲ್ಲಿದವನು ಸೋತ.

ತೀರ್ಪುಗಾರರ ವಿಷಯದಲ್ಲಿ ಮಾತ್ರ ಎಚ್ಚರಿಕೆ ವಹಿಸಬೇಕು. ಆ ಕಟ್ಟಡದಲ್ಲಿ ಅತ್ಯಂತ ಗಂಭೀರರೆಂದೂ, ಎಂದೂ ನಗದವರೆಂದೂ, ಮಕ್ಕಳ ಚೆಂಡನ್ನು ಹಿಂದಿರುಗಿಸದವರೆಂದೂ ಯಾರು ಹೆಸರುವಾಸಿಯಾಗಿದ್ದಾರೋ ಅವರನ್ನೇ ಆ ಪೀಠದಲ್ಲಿ ಕುಳ್ಳಿರಿಸತಕ್ಕದ್ದು. ಅವರು ಒಪ್ಪದಿದ್ದರೆ, ಅವರನ್ನು ಒಪ್ಪಿಸುವುದೇ ಮೊದಲನೆಯ ಪಂದ್ಯ.